ನಂಬಿಕೆಯ ಸ್ವಾತಂತ್ರ್ಯ ಮತ್ತು ಬೆಳೆದ ಮನೆಯ ಪ್ರಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ನಂಬಿಕೆಯ ಸ್ವಾತಂತ್ರ್ಯದಲ್ಲಿ ಏನೇನು ಸೇರಿದೆ?

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯ ಮಹಾಸಭೆ ಪ್ಯಾರಿಸ್‌ನಲ್ಲಿ ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿಯೇ ಇಂದಿಗೂ ಈ ಚರ್ಚೆಯ ಮೂಲ ಆಧಾರ. ವಿಚಾರ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯ ಎಲ್ಲರಿಗೂ ಇದೆ ಎಂದು ಹೇಳಿ ಆ ವಿಧಿ ಅಲ್ಲಿಗೇ ನಿಲ್ಲುವುದಿಲ್ಲ. ಧರ್ಮವನ್ನು ಅಥವಾ ನಂಬಿಕೆಯನ್ನು ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯವೂ, ಒಬ್ಬರೇ ಆಗಲಿ ಇತರರೊಡನೆ ಸೇರಿ ಆಗಲಿ ಅದನ್ನು ಬೋಧಿಸುವ, ಆಚರಿಸುವ ಸ್ವಾತಂತ್ರ್ಯವೂ ಅದರಲ್ಲಿ ಸೇರಿವೆ ಎಂದು ಬಿಡಿಸಿ ಹೇಳುತ್ತದೆ.

ಬದಲಾಯಿಸಿಕೊಳ್ಳುವ ಸ್ವಾತಂತ್ರ್ಯದ ಮಾತು ಸುಲಭವಾಗಿ ಒಳಗೆ ಬಂದದ್ದಲ್ಲ. ಲೆಬನಾನ್‌ನ ಪ್ರತಿನಿಧಿ ಚಾರ್ಲ್ಸ್ ಮಲಿಕ್ ಅದು ಇರಲೇಬೇಕೆಂದು ವಾದಿಸಿದರು. ಸೌದಿ ಅರೇಬಿಯಾ ಆಕ್ಷೇಪಿಸಿತು. ಪಾಕಿಸ್ತಾನದ ಜಫರುಲ್ಲಾ ಖಾನ್ ಮಹಾಸಭೆಯಲ್ಲಿ ಅದನ್ನು ಸಮರ್ಥಿಸಿ ಮಾತನಾಡಿದರು. ಕೊನೆಗೆ 48 ದೇಶಗಳು ಘೋಷಣೆಯ ಪರವಾಗಿ ಮತ ಹಾಕಿದವು, ಸೌದಿ ಅರೇಬಿಯಾ ಸೇರಿ 8 ದೇಶಗಳು ತಟಸ್ಥವಾಗಿ ಉಳಿದವು, ವಿರುದ್ಧವಾಗಿ ಒಂದೂ ಮತ ಬೀಳಲಿಲ್ಲ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ ಹೊತ್ತಿಗೆ ಈ ಮಾತನ್ನು ಸ್ವಲ್ಪ ಮೆತ್ತಗೆ ಮಾಡಿ, ತನ್ನ ಆಯ್ಕೆಯ ಧರ್ಮವನ್ನು ಹೊಂದುವ ಅಥವಾ ಸ್ವೀಕರಿಸುವ ಸ್ವಾತಂತ್ರ್ಯ ಎಂದು ಬರೆಯಲಾಯಿತು. ಆ ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿ 1993ರಲ್ಲಿ ನೀಡಿದ ವ್ಯಾಖ್ಯಾನ ಸಂದೇಹಕ್ಕೆ ಎಡೆ ಉಳಿಸಲಿಲ್ಲ: ಇರುವ ನಂಬಿಕೆಯನ್ನು ಬಿಟ್ಟು ಬೇರೊಂದನ್ನು ಹಿಡಿಯುವುದು, ನಾಸ್ತಿಕನಾಗಿರುವುದು, ಯಾವ ಧರ್ಮವನ್ನೂ ಒಪ್ಪದೆ ಇರುವುದು, ಇರುವ ಧರ್ಮದಲ್ಲೇ ಮುಂದುವರಿಯುವುದು, ಇವೆಲ್ಲವೂ ರಕ್ಷಣೆಗೆ ಸಮಾನವಾಗಿ ಅರ್ಹ.

ಈ ಹಕ್ಕಿಗೆ ಎರಡು ಮುಖಗಳಿವೆ. ಮನಸ್ಸಿನೊಳಗೆ ಏನನ್ನು ನಂಬುತ್ತೇವೆ ಎಂಬುದರ ಮೇಲೆ ಪ್ರಭುತ್ವ ಯಾವ ಕಾರಣಕ್ಕೂ ಕೈಯಿಡುವಂತಿಲ್ಲ. ನಂಬಿಕೆಯನ್ನು ಹೊರಗೆ ಆಚರಿಸುವುದರ ಮೇಲೆ ಮಾತ್ರ ಸಾರ್ವಜನಿಕ ಸುರಕ್ಷತೆ, ಆರೋಗ್ಯ, ಇತರರ ಹಕ್ಕುಗಳು ಮುಂತಾದ ಕಾರಣಗಳಿಗಾಗಿ ಕಾನೂನಿನ ಮೂಲಕ ಮಿತಿ ಹೇರಬಹುದು. ಮಗುವನ್ನು ಬೆಳೆಸುವ ವಿಚಾರಕ್ಕೆ ಬಂದಾಗ ಈ ಗೆರೆ ಗೋಜಲಾಗುತ್ತದೆ, ಏಕೆಂದರೆ ತಂದೆ ತಾಯಿಯ ಆಚರಣೆಯೇ ಮಗುವಿನ ಅಂತರಂಗವನ್ನು ರೂಪಿಸುತ್ತಿರುತ್ತದೆ. ಮುಂದಿನ ಬಹುತೇಕ ಪ್ರಶ್ನೆಗಳು ಹುಟ್ಟುವುದು ಇಲ್ಲಿಂದಲೇ.

ಹೆಚ್ಚಿನವರು ಹುಟ್ಟಿದ ಮನೆಯ ಧರ್ಮದಲ್ಲೇ ಏಕೆ ಉಳಿಯುತ್ತಾರೆ?

ಉಳಿಯುವವರ ಪ್ರಮಾಣ ಎಲ್ಲ ಕಡೆಯೂ ಒಂದೇ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಪ್ಯೂ ಸಂಶೋಧನಾ ಕೇಂದ್ರ 2019-20ರಲ್ಲಿ ಭಾರತದಲ್ಲಿ ಸುಮಾರು 30,000 ವಯಸ್ಕರನ್ನು ಸಂದರ್ಶಿಸಿದಾಗ, ಬಾಲ್ಯದ ಧರ್ಮ ಮತ್ತು ಈಗಿನ ಧರ್ಮ ಎರಡೂ ಒಂದೇ ಎಂದವರು ಶೇ 98ರಷ್ಟಿದ್ದರು. ಅದೇ ಸಂಸ್ಥೆ 2023-24ರಲ್ಲಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ 35ರಷ್ಟು ವಯಸ್ಕರು ತಾವು ಬೆಳೆದ ಧರ್ಮದಿಂದ ಆಚೆ ಬಂದಿದ್ದರು. ಎರಡೂ ಕಡೆ ಮಕ್ಕಳು ಮನೆಯಲ್ಲೇ ಬೆಳೆಯುತ್ತಾರೆ, ಎರಡೂ ಕಡೆ ಹಿರಿಯರು ತಮಗೆ ತಿಳಿದದ್ದನ್ನೇ ಕಲಿಸುತ್ತಾರೆ. ಆದ್ದರಿಂದ ಈ ಅಂತರವನ್ನು ಮನೆಯ ಪಾಲನೆಯೊಂದರಿಂದ ವಿವರಿಸಲಾಗದು. ಧರ್ಮದ ಜೊತೆ ಮದುವೆ, ಆಸ್ತಿ, ನೆಂಟಸ್ತನ, ಸಮುದಾಯದ ಹೆಸರು ಎಷ್ಟರ ಮಟ್ಟಿಗೆ ಹೆಣೆದುಕೊಂಡಿವೆ ಎಂಬುದೂ ಅಷ್ಟೇ ಮುಖ್ಯ.

ಮನೆಯೊಳಗೆ ನಡೆಯುವುದು ಬೋಧನೆಗಿಂತ ಹೆಚ್ಚಾಗಿ ಅನುಕರಣೆ. ಪ್ರಾರ್ಥನೆಗೆ ಕೂತ ಮೂರು ನಾಲ್ಕು ವರ್ಷದ ಮಗುವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಅದು ಕಣ್ಣು ಮುಚ್ಚುತ್ತದೆ, ಅರೆಕ್ಷಣದಲ್ಲಿ ಒಂದು ರೆಪ್ಪೆಯನ್ನು ಸ್ವಲ್ಪವೇ ಎತ್ತಿ ದೊಡ್ಡವರ ಕಣ್ಣು ಮುಚ್ಚಿದೆಯೇ ಎಂದು ಇಣುಕುತ್ತದೆ, ಮುಚ್ಚಿದ್ದರೆ ತಾನೂ ಮತ್ತೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ದೇವರ ಬಗ್ಗೆ ಯಾವ ಸಿದ್ಧಾಂತವೂ ಅದಕ್ಕೆ ಇನ್ನೂ ತಿಳಿದಿಲ್ಲ. ತನಗೆ ಬೇಕಾದವರೆಲ್ಲ ಯಾವುದನ್ನು ಇಷ್ಟು ಗಂಭೀರವಾಗಿ ಮಾಡುತ್ತಿದ್ದಾರೋ ಅದು ನಿಜವಾದ ಸಂಗತಿಯೇ ಇರಬೇಕು ಎಂಬುದು ಮಾತ್ರ ಅದಕ್ಕೆ ಮನದಟ್ಟಾಗಿರುತ್ತದೆ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಕ್ 2009ರಲ್ಲಿ ಮಂಡಿಸಿದ ವಿವರಣೆ ಇದನ್ನೇ ಹೇಳುತ್ತದೆ: ಬಾಯಿಮಾತಿಗಿಂತ, ನಂಬಿಕೆಗಾಗಿ ಹಿರಿಯರು ಹೊತ್ತು, ಹಣ, ಸುಖವನ್ನು ಬಿಟ್ಟುಕೊಡುವುದನ್ನು ಕಣ್ಣಾರೆ ಕಂಡಾಗ ಆ ನಂಬಿಕೆ ಮುಂದಿನ ತಲೆಮಾರಿಗೆ ಗಟ್ಟಿಯಾಗಿ ದಾಟುತ್ತದೆ. ಬರೀ ಉಪದೇಶ ಮಾಡಿ ತಾವು ಅದರಂತೆ ನಡೆಯದ ಹಿರಿಯರ ಮಕ್ಕಳು ಬೇಗ ದೂರವಾಗುವುದಕ್ಕೂ ಇದೇ ಕಾರಣವಿರಬಹುದು.

ಮಕ್ಕಳು ಸ್ವಭಾವತಃ ಆಸ್ತಿಕರೇ, ನಾಸ್ತಿಕರೇ?

ಎರಡೂ ಪಕ್ಷದವರು ಮಗುವನ್ನು ತಮ್ಮ ಕಡೆಗೆ ಸೆಳೆದುಕೊಳ್ಳಲು ನೋಡುತ್ತಾರೆ. ಎಳೆಯ ಮಕ್ಕಳು ಎಲ್ಲದರಲ್ಲೂ ಉದ್ದೇಶವನ್ನು ಹುಡುಕುತ್ತಾರೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಮನಶ್ಶಾಸ್ತ್ರಜ್ಞೆ ಡೆಬೊರಾ ಕೆಲೆಮನ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಂಡೆಗಳು ಏಕೆ ಮೊನಚಾಗಿವೆ ಎಂದು ಕೇಳಿದಾಗ, ಪ್ರಾಣಿಗಳು ಮೈ ತುರಿಸಿಕೊಳ್ಳಲೆಂದು ಹಾಗಿವೆ ಎಂಬಂಥ ಉತ್ತರಗಳತ್ತ ಮಕ್ಕಳು ಒಲವು ತೋರಿದರು. ಆದರೆ ಉದ್ದೇಶ ಹುಡುಕುವ ಈ ಒಲವು ಯಾವುದೋ ಒಂದು ದೇವರ ಮೇಲಿನ ನಂಬಿಕೆಯಲ್ಲ. 2014ರಲ್ಲಿ ಕ್ಯಾತ್ಲೀನ್ ಕಾರಿವೋ ಮತ್ತು ಸಹೋದ್ಯೋಗಿಗಳು ಐದಾರು ವರ್ಷದ ಮಕ್ಕಳಿಗೆ ಪವಾಡಗಳಿದ್ದ ಧಾರ್ಮಿಕ ಕಥೆಗಳನ್ನು ಹೇಳಿ, ಆ ಪಾತ್ರಗಳು ನಿಜವೋ ಕಲ್ಪಿತವೋ ಎಂದು ಕೇಳಿದರು. ಚರ್ಚಿಗೆ ಹೋಗುವ ಅಥವಾ ಧಾರ್ಮಿಕ ಶಾಲೆಯಲ್ಲಿ ಓದುವ ಮಕ್ಕಳು ಅವರನ್ನು ನಿಜವಾಗಿ ಇದ್ದವರೆಂದರು, ಇವೆರಡೂ ಇಲ್ಲದ ಮಕ್ಕಳು ಹೆಚ್ಚಾಗಿ ಕಲ್ಪಿತವೆಂದರು. ಒಲವು ಹುಟ್ಟಿನಿಂದ ಬರಬಹುದು. ಅದಕ್ಕೆ ಹೆಸರು, ರೂಪ, ಕಥೆ ಸಿಗುವುದು ಸುತ್ತಲಿನವರಿಂದ.

ಬಾಲ್ಯದ ಪ್ರಭಾವ ಎಷ್ಟು ಕಾಲ ಉಳಿಯುತ್ತದೆ?

ಜನ ಅಂದುಕೊಂಡಷ್ಟು ಅದು ಶಾಶ್ವತವಲ್ಲ. ಅಮೆರಿಕದ ಮಿನೆಸೋಟದಲ್ಲಿ ಹುಟ್ಟಿದ ಅವಳಿ ಗಂಡಸರ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಉಲ್ಲೇಖಗೊಳ್ಳುತ್ತದೆ. ಅವರ ಧಾರ್ಮಿಕತೆಯಲ್ಲಿ ಕಾಣುವ ವ್ಯತ್ಯಾಸಗಳಲ್ಲಿ ಒಂದೇ ಮನೆಯಲ್ಲಿ ಬೆಳೆದುದರ ಪಾಲು ಹದಿಹರೆಯದಲ್ಲಿ ಶೇ 56ರಷ್ಟಿದ್ದರೆ, ದೊಡ್ಡವರಾದ ಮೇಲೆ ಅದು ಶೇ 18ಕ್ಕೆ ಇಳಿದಿತ್ತು. ಅದೇ ಅವಧಿಯಲ್ಲಿ ಆನುವಂಶಿಕ ಅಂಶಗಳ ಪಾಲು ಶೇ 12ರಿಂದ ಶೇ 44ಕ್ಕೆ ಏರಿತ್ತು. ಹದಿಹರೆಯದ ಮಾಹಿತಿ ಅವರ ನೆನಪಿನಿಂದ ಬಂದದ್ದು, ಅಧ್ಯಯನ ಒಂದೇ ಸೀಮೆಯ ಗಂಡಸರಿಗೆ ಸೀಮಿತವಾದದ್ದು ಎಂಬುದನ್ನು ಮರೆಯಬಾರದು.

ಇದರ ಅರ್ಥ ಧರ್ಮಕ್ಕೆ ವಂಶವಾಹಿ ಇದೆ ಎಂದಲ್ಲ. ಅಳೆದದ್ದು ಧಾರ್ಮಿಕತೆಯ ತೀವ್ರತೆಯನ್ನು: ಎಷ್ಟು ಬಾರಿ ಪ್ರಾರ್ಥಿಸುತ್ತೀರಿ, ಧರ್ಮ ನಿಮಗೆ ಎಷ್ಟು ಮುಖ್ಯ, ಎಂಬಂಥವುಗಳನ್ನು. ಯಾವ ಧರ್ಮ ಎಂಬುದು ಬಹುಮಟ್ಟಿಗೆ ಪರಿಸರದ ಕೊಡುಗೆ. ಸರಳವಾಗಿ ಹೇಳುವುದಾದರೆ, ಮನೆಯ ಹಿಡಿತ ಸಡಿಲವಾದಾಗ ಕೆಲವರು ತಮ್ಮ ಸ್ವಭಾವಕ್ಕೆ ತಕ್ಕಂತೆ ನಂಬಿಕೆಯಲ್ಲಿ ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ, ಕೆಲವರು ಸದ್ದಿಲ್ಲದೆ ದೂರ ಸರಿಯುತ್ತಾರೆ.

ಬೇರೆ ಮನೆಯಲ್ಲಿ ಹುಟ್ಟಿದ್ದರೆ ಬೇರೆ ಧರ್ಮವನ್ನು ನಂಬುತ್ತಿದ್ದೆ. ಹಾಗಿದ್ದರೆ ನನ್ನ ನಂಬಿಕೆ ಸುಳ್ಳೇ?

ನಮಗೆ ಬರುವ ಪ್ರಶ್ನೆಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಕಷ್ಟದ್ದೂ ಇದೇ. ಕ್ರಿಸ್ತಪೂರ್ವ 6ನೇ ಶತಮಾನದ ಗ್ರೀಕ್ ಚಿಂತಕ ಕ್ಸೆನೋಫನೀಸ್, ಪ್ರತಿಯೊಂದು ಜನಾಂಗವೂ ತನ್ನದೇ ಮುಖಚಹರೆಯನ್ನು ತನ್ನ ದೇವರುಗಳಿಗೆ ಕೊಡುತ್ತದೆ ಎಂದು ಚುಚ್ಚಿದ್ದ. 11ನೇ ಶತಮಾನದಲ್ಲಿ ಬೆಳೆದ ಇಸ್ಲಾಮಿನ ಚಿಂತಕ ಅಲ್ ಗಜಾಲಿ, ಕ್ರೈಸ್ತರ ಮಕ್ಕಳು ಕ್ರೈಸ್ತರಾಗಿ, ಯಹೂದಿಗಳ ಮಕ್ಕಳು ಯಹೂದಿಗಳಾಗಿ, ಮುಸ್ಲಿಮರ ಮಕ್ಕಳು ಮುಸ್ಲಿಮರಾಗಿಯೇ ಬೆಳೆಯುವುದನ್ನು ಕಂಡು, ಹಿರಿಯರನ್ನು ಅನುಸರಿಸಿ ಬಂದ ನಂಬಿಕೆಯ ಕಟ್ಟು ಹರೆಯದಲ್ಲೇ ತನ್ನಿಂದ ಕಳಚಿತೆಂದು ಬರೆದುಕೊಂಡ. ಮುಂದೆ ಗಂಭೀರ ಸಂಶಯಕ್ಕೆ ಸಿಲುಕಿದ, 1095ರಲ್ಲಿ ಬಾಗ್ದಾದಿನ ಪ್ರತಿಷ್ಠಿತ ಅಧ್ಯಾಪಕ ಹುದ್ದೆಯನ್ನು ಬಿಟ್ಟು ಅಲೆದ, ಕೊನೆಗೆ ತಾನು ಹುಟ್ಟಿದ ಧರ್ಮದೊಳಗೇ ಬೇರೊಂದು ದಾರಿಯಿಂದ ನೆಲೆ ಕಂಡುಕೊಂಡ. 1859ರಲ್ಲಿ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಇದೇ ಅಂಶವನ್ನು ಎತ್ತಿ, ಲಂಡನ್ನಿನಲ್ಲಿ ಒಬ್ಬನನ್ನು ಕ್ರೈಸ್ತನನ್ನಾಗಿ ಮಾಡಿದ ಕಾರಣಗಳೇ ಪೀಕಿಂಗಿನಲ್ಲಿ (ಇಂದಿನ ಬೀಜಿಂಗ್) ಅವನನ್ನು ಬೌದ್ಧನನ್ನಾಗಿ ಮಾಡುತ್ತಿದ್ದವು ಎಂದು ಎಚ್ಚರಿಸಿದ.

ತರ್ಕದ ದೃಷ್ಟಿಯಿಂದ ಉತ್ತರ ಸ್ಪಷ್ಟವಾಗಿದೆ: ನಂಬಿಕೆ ಎಲ್ಲಿಂದ ಬಂತು ಎಂಬುದರಿಂದ ಅದು ನಿಜವೋ ಸುಳ್ಳೋ ಎಂಬುದು ತೀರ್ಮಾನವಾಗುವುದಿಲ್ಲ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬುದನ್ನು ಕೂಡ ನಮ್ಮಲ್ಲಿ ಬಹುತೇಕರು ಒಪ್ಪಿರುವುದು ಶಾಲೆಯಲ್ಲಿ ಹೇಳಿಕೊಟ್ಟರು ಎಂಬ ಕಾರಣಕ್ಕೇ ಹೊರತು ಸ್ವತಃ ಅಳೆದು ನೋಡಿ ಅಲ್ಲ. ಇದಲ್ಲದೆ ಈ ವಾದ ಎರಡೂ ಕಡೆ ಹರಿತವಾಗಿದೆ. ದೇವರನ್ನು ನಂಬದ ಮನೆಯಲ್ಲಿ ಬೆಳೆದು ನಂಬದವನಾದವನೂ ತನ್ನ ನಿಲುವನ್ನು ಅದೇ ರೀತಿ ಪಡೆದಿರುತ್ತಾನೆ. ಪಾಲನೆಯ ಪ್ರಭಾವ ಆಸ್ತಿಕರ ರೋಗವೆಂದು ಭಾವಿಸುವ ವಿಚಾರವಾದಿಗಳು ಈ ಅಂಶವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆದರೂ ಪ್ರಶ್ನೆಯನ್ನು ಅಷ್ಟಕ್ಕೇ ತಳ್ಳಿಹಾಕಲಾಗದು. ಭೂಮಿಯ ಚಲನೆಯ ವಿಷಯದಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದವರು ಆಧಾರಗಳನ್ನು ಪರಿಶೀಲಿಸಿ ಒಂದೇ ತೀರ್ಮಾನಕ್ಕೆ ಬರುತ್ತಾರೆ. ಧರ್ಮದ ವಿಷಯದಲ್ಲಿ ಅಷ್ಟೇ ಬುದ್ಧಿವಂತರು, ಅಷ್ಟೇ ಪ್ರಾಮಾಣಿಕರು ಶತಮಾನಗಳಿಂದ ಬೇರೆ ಬೇರೆ ತೀರ್ಮಾನಗಳಲ್ಲೇ ನಿಂತಿದ್ದಾರೆ. ಹಾಗಾಗಿ ಹುಟ್ಟಿನ ಆಕಸ್ಮಿಕ ನಮ್ಮ ನಂಬಿಕೆಯನ್ನು ಸುಳ್ಳೆಂದು ಸಾಬೀತು ಮಾಡದಿದ್ದರೂ, ನಾನು ಮಾತ್ರ ಸರಿ, ಉಳಿದವರೆಲ್ಲ ಕುರುಡರು ಎಂಬ ಠೇಂಕಾರಕ್ಕೆ ಆಧಾರವನ್ನು ಉಳಿಸುವುದಿಲ್ಲ. ಅಲ್ ಗಜಾಲಿ ಮಾಡಿದಂತೆ ಪರಿಶೀಲಿಸಿ ಉಳಿಸಿಕೊಳ್ಳಬಹುದು, ಪರಿಶೀಲಿಸಿ ಬಿಡಲೂಬಹುದು.

ತಂದೆ ತಾಯಿ ಮಕ್ಕಳಿಗೆ ತಮ್ಮ ಧರ್ಮವನ್ನು ಕಲಿಸುವುದು ತಪ್ಪೇ?

ಅಲ್ಲ. 1966ರ ಒಡಂಬಡಿಕೆ, ತಮ್ಮ ನಂಬಿಕೆಗೆ ಅನುಗುಣವಾಗಿ ಮಕ್ಕಳಿಗೆ ಧಾರ್ಮಿಕ ಮತ್ತು ನೈತಿಕ ಶಿಕ್ಷಣ ಕೊಡಿಸುವ ಪಾಲಕರ ಸ್ವಾತಂತ್ರ್ಯವನ್ನು ಗೌರವಿಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. ಆದರೆ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯಲ್ಲಿ ಒತ್ತು ಬೇರೆ ಕಡೆ ಬಿದ್ದಿದೆ. ಅಲ್ಲಿ ವಿಚಾರ, ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯ ಮಗುವಿನದು. ತಂದೆ ತಾಯಿಯದು ಆ ಹಕ್ಕನ್ನು ಬಳಸುವುದರಲ್ಲಿ, ಮಗುವಿನ ಬೆಳೆಯುತ್ತಿರುವ ಸಾಮರ್ಥ್ಯಕ್ಕೆ ತಕ್ಕಂತೆ, ಮಾರ್ಗದರ್ಶನ ಮಾಡುವ ಹಕ್ಕು ಮತ್ತು ಕರ್ತವ್ಯ. ಐದು ವರ್ಷದ ಮಗುವಿನ ವಿಷಯದಲ್ಲಿ ಈ ಎರಡರ ನಡುವೆ ಹೆಚ್ಚು ವ್ಯತ್ಯಾಸ ಕಾಣದು. ಹದಿನೈದು ವರ್ಷದವರ ವಿಷಯದಲ್ಲಿ ಅದು ಬಹಳ ದೊಡ್ಡದು.

ದೊಡ್ಡವರಾದ ಮೇಲೆ ತಾವೇ ಆರಿಸಿಕೊಳ್ಳಲಿ, ಅಲ್ಲಿಯವರೆಗೆ ಏನನ್ನೂ ಕಲಿಸದೆ ಬಿಡೋಣ ಎಂದು ಕೆಲವರು ಸಲಹೆ ಕೊಡುತ್ತಾರೆ. ಸದುದ್ದೇಶದ ಸಲಹೆಯೇ ಆದರೂ ಏನನ್ನೂ ಕಲಿಸದಂಥ ಬಾಲ್ಯ ಎಲ್ಲೂ ಇಲ್ಲ. ಧರ್ಮದ ಬಗ್ಗೆ ಮಾತೇ ಆಡದ ಮನೆಯ ಮಗು, ಧರ್ಮ ಮಾತನಾಡಲು ಯೋಗ್ಯವಾದ ವಿಷಯವಲ್ಲ ಎಂಬುದನ್ನು ಕಲಿತಿರುತ್ತದೆ. ಮಾತೃಭಾಷೆಯೊಂದನ್ನು ಕಲಿಸಿದರೆ ಮುಂದೆ ಬೇರೆ ಭಾಷೆ ಕಲಿಯುವ ದಾರಿ ಮುಚ್ಚುವುದಿಲ್ಲವಲ್ಲ, ಹಾಗೆಯೇ ಒಂದು ನಂಬಿಕೆಯೊಳಗೆ ಬೆಳೆದ ಮಾತ್ರಕ್ಕೆ ಆಯ್ಕೆ ಕಳೆದುಹೋಗುವುದಿಲ್ಲ. ತತ್ತ್ವಜ್ಞಾನಿ ಜೋಯೆಲ್ ಫೈನ್‌ಬರ್ಗ್ 1980ರಲ್ಲಿ ಮಗುವಿಗೆ ತೆರೆದ ಭವಿಷ್ಯದ ಹಕ್ಕಿದೆ ಎಂದು ವಾದಿಸಿದರು. ಮುಂದೆ ಬಳಸಬೇಕಾದ ಆಯ್ಕೆಗಳನ್ನು ಇಂದೇ ಮುಚ್ಚಿಹಾಕಬಾರದು ಎಂಬುದು ಅವರ ವಾದದ ತಿರುಳು. ಈ ವಾದದಲ್ಲೂ ಒಂದು ತೊಡಕಿದೆ: ಎಲ್ಲ ಬಾಗಿಲುಗಳನ್ನೂ ಸಮನಾಗಿ ತೆರೆದಿಡುವುದು ಯಾವ ಪಾಲಕರಿಂದಲೂ ಆಗದು. ಹೊರಗೆ ಹೋಗುವ ಬಾಗಿಲಿಗೆ ಬೀಗ ಹಾಕದಿರುವುದು ಮಾತ್ರ ಸಾಧ್ಯ.

ಕಲಿಸುವುದಕ್ಕೂ ತಲೆಗೆ ತುರುಕುವುದಕ್ಕೂ ಗೆರೆ ಎಲ್ಲಿದೆ?

ಮಗುವಿನ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಅದು ಕಾಣುತ್ತದೆ. ದೇವರು ಎಲ್ಲವನ್ನೂ ನೋಡುತ್ತಾನೆ ಎಂದರೆ ಪಕ್ಕದ ಮನೆಯ ಪಾಪು ಸಾಯುವುದನ್ನು ಏಕೆ ನೋಡಿ ಸುಮ್ಮನಿದ್ದ ಎಂದು ಏಳು ವರ್ಷದ ಮಗು ಕೇಳುತ್ತದೆ ಎಂದುಕೊಳ್ಳಿ. ನನಗೂ ಅದು ಅರ್ಥವಾಗಿಲ್ಲ ಮಗೂ, ಆದರೂ ನಾನು ನಂಬುತ್ತೇನೆ, ಏಕೆಂದರೆ ಎಂದು ತಾಯಿ ತನಗೆ ತೋಚಿದ ಕಾರಣವನ್ನು ಹೇಳಬಹುದು. ಹಾಗೆಲ್ಲ ಕೇಳಿದರೆ ಪಾಪ ಬರುತ್ತದೆ, ಬಾಯಿ ಮುಚ್ಚು ಎಂದೂ ಹೇಳಬಹುದು. ಎರಡೂ ಸಂದರ್ಭಗಳಲ್ಲಿ ಕಲಿಸುತ್ತಿರುವ ಧರ್ಮ ಒಂದೇ ಇರಬಹುದು, ಅದರ ತತ್ತ್ವವೂ ಒಂದೇ ಇರಬಹುದು. ಮೊದಲನೆಯ ಮಗು ನಂಬಿಕೆಯ ಜೊತೆಗೆ ಪ್ರಶ್ನಿಸುವ ಅನುಮತಿಯನ್ನೂ ಪಡೆಯಿತು. ಎರಡನೆಯದು ಸಂಶಯವನ್ನು ಅಪರಾಧವೆಂದು ಕಲಿತು, ಇನ್ನು ಮುಂದೆ ಅದನ್ನು ಅಡಗಿಸಿಡುತ್ತದೆ.

ಇದರ ಜೊತೆಗೆ ಇನ್ನೆರಡು ಲಕ್ಷಣಗಳನ್ನು ಗಮನಿಸಬೇಕು. ಬೇರೆ ನಂಬಿಕೆಯವರೊಡನೆ ಆಡುವುದನ್ನು, ಓದುವುದನ್ನು, ಊಟ ಮಾಡುವುದನ್ನು ತಡೆದು ಮಗುವಿನ ಲೋಕವನ್ನು ಕಿರಿದುಗೊಳಿಸುವುದು ಒಂದು. ಪ್ರೀತಿಯನ್ನೇ ಒತ್ತೆಯಿಡುವುದು, ಅಂದರೆ ನಂಬದಿದ್ದರೆ ನೀನು ನಮ್ಮ ಮಗುವೇ ಅಲ್ಲ ಎಂಬ ಬೆದರಿಕೆ, ಇನ್ನೊಂದು. ಎರಡನೆಯದು ಹೆಚ್ಚು ಕ್ರೂರ. ಅದಕ್ಕೆ ಹೊಡೆತ ಬೈಗುಳ ಯಾವುದೂ ಬೇಕಾಗಿಲ್ಲ, ಕೆಲವು ದಿನಗಳ ಮೌನ ಸಾಕು.

ಯಾವ ವಯಸ್ಸಿನಲ್ಲಿ ಮಕ್ಕಳು ಸ್ವತಃ ನಿರ್ಧರಿಸಬಹುದು?

ಎಲ್ಲರೂ ಒಪ್ಪಿದ ಒಂದು ವಯಸ್ಸಿಲ್ಲ. ಜರ್ಮನಿಯಲ್ಲಿ 1921ರಲ್ಲಿ ರೂಪಿಸಿದ, ಇಂದಿಗೂ ಜಾರಿಯಲ್ಲಿರುವ ಮಕ್ಕಳ ಧಾರ್ಮಿಕ ಪಾಲನೆಯ ಕಾನೂನು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ: ಈ ಬಗ್ಗೆ ವ್ಯಾಜ್ಯ ನ್ಯಾಯಾಲಯಕ್ಕೆ ಹೋದರೆ 10 ತುಂಬಿದ ಮಗುವಿನ ಮಾತನ್ನು ಕೇಳಬೇಕು, 12 ತುಂಬಿದ ಮೇಲೆ ಅದರ ಇಚ್ಛೆಗೆ ವಿರುದ್ಧವಾಗಿ ಬೇರೆ ಧರ್ಮದಲ್ಲಿ ಬೆಳೆಸುವಂತಿಲ್ಲ, 14 ತುಂಬಿದ ಮೇಲೆ ತನ್ನ ಧರ್ಮವನ್ನು ತಾನೇ ನಿರ್ಧರಿಸಬಹುದು. ನಮ್ಮ ದೃಷ್ಟಿಯಲ್ಲಿ ಇದು ವಿವೇಕದ ಏರ್ಪಾಡು, ಏಕೆಂದರೆ ಸಾಮರ್ಥ್ಯ ಒಂದು ರಾತ್ರಿಯಲ್ಲಿ ಬರುವುದಿಲ್ಲ ಎಂಬುದನ್ನು ಅದು ಒಪ್ಪಿಕೊಂಡಿದೆ.

ಅಮೆರಿಕದ ಸುಪ್ರೀಂ ಕೋರ್ಟು 1972ರಲ್ಲಿ ತೀರ್ಮಾನಿಸಿದ ಯೋಡರ್ ಪ್ರಕರಣ ಇದಕ್ಕೆ ವ್ಯತಿರಿಕ್ತವಾದುದು. ಆಧುನಿಕ ಜೀವನದಿಂದ ದೂರವಿರುವ ಆಮಿಶ್ ಎಂಬ ಕ್ರೈಸ್ತ ಸಮುದಾಯದ ಪಾಲಕರು ಎಂಟನೇ ತರಗತಿಯ ಆಚೆಗೆ ಮಕ್ಕಳನ್ನು ಶಾಲೆಗೆ ಕಳುಹಿಸಲು ಒಪ್ಪಲಿಲ್ಲ. ಹೊರಗಿನ ಶಿಕ್ಷಣ ತಮ್ಮ ಧಾರ್ಮಿಕ ಜೀವನಕ್ರಮವನ್ನು ಕೆಡಿಸುತ್ತದೆ ಎಂಬುದು ಅವರ ವಾದ. ನ್ಯಾಯಾಲಯ ಪಾಲಕರ ಪರ ನಿಂತಿತು. ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮಾತ್ರ ಭಾಗಶಃ ಭಿನ್ನಮತ ಬರೆದು, ಇದರಲ್ಲಿ ಭವಿಷ್ಯ ಪಣಕ್ಕೆ ಬಿದ್ದಿರುವುದು ಮಕ್ಕಳದು, ಅವರ ಮಾತನ್ನೂ ಕೇಳಬೇಕು ಎಂದರು. ಮೂವರು ಮಕ್ಕಳಲ್ಲಿ ಸಾಕ್ಷಿ ನುಡಿದಿದ್ದು ಒಬ್ಬಳು ಮಾತ್ರ. ಅರ್ಧ ಶತಮಾನದ ನಂತರ ಬಹುಮತದ ತೀರ್ಪಿಗಿಂತ ಆ ಭಿನ್ನಮತವೇ ಹೆಚ್ಚು ಸರಿಯೆನಿಸುತ್ತದೆ.

ಬಲವಂತದಿಂದ ಬೇರೆ ಧರ್ಮದಲ್ಲಿ ಬೆಳೆಸಿದ ಮಗು ಮುಂದೆ ಆ ಧರ್ಮವನ್ನು ಮನಸಾರೆ ಒಪ್ಪಿದರೆ?

ಇಂಥದ್ದು ನಡೆದಿದೆ. 1858ರ ಜೂನ್‌ನಲ್ಲಿ, ಆಗ ಪೋಪರ ಆಳ್ವಿಕೆಯಲ್ಲಿದ್ದ ಇಟಲಿಯ ಬೊಲೋನ್ಯಾ ನಗರದ ಯಹೂದಿ ಮನೆಯೊಂದರಿಂದ ಎಡ್ಗಾರ್ಡೊ ಮೊರ್ತಾರಾ ಎಂಬ ಆರು ವರ್ಷದ ಬಾಲಕನನ್ನು ಪೊಲೀಸರು ಕರೆದೊಯ್ದರು. ಮಗುವಾಗಿದ್ದಾಗ ಅವನು ಕಾಯಿಲೆ ಬಿದ್ದಿದ್ದನೆಂದೂ ಸತ್ತೇಹೋಗುತ್ತಾನೆಂದು ಹೆದರಿ ತಾನು ಗುಟ್ಟಾಗಿ ದೀಕ್ಷಾಸ್ನಾನ ಮಾಡಿಸಿದೆನೆಂದೂ ಮನೆಯ ಕೆಲಸದವಳು ಹೇಳಿದ್ದಳು. ದೀಕ್ಷಾಸ್ನಾನ ಪಡೆದ ಮಗು ಕ್ರೈಸ್ತ, ಕ್ರೈಸ್ತ ಮಗುವನ್ನು ಯಹೂದಿ ಮನೆಯಲ್ಲಿ ಬೆಳೆಸುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಯೂರೋಪಿನಾದ್ಯಂತ ಪ್ರತಿಭಟನೆ ನಡೆದರೂ ಪೋಪ್ ಒಂಬತ್ತನೇ ಪಿಯೂಸ್ ಮಗುವನ್ನು ಹಿಂತಿರುಗಿಸಲಿಲ್ಲ. ಹುಡುಗ ರೋಮಿನಲ್ಲಿ ಬೆಳೆದ, ಪಾದ್ರಿಯಾದ, ತನ್ನನ್ನು ಮನೆಯಿಂದ ಬೇರ್ಪಡಿಸಿದ ಪೋಪರನ್ನು ಜೀವನವಿಡೀ ಗೌರವಿಸಿದ, 1940ರಲ್ಲಿ ಬೆಲ್ಜಿಯಂನಲ್ಲಿ ತೀರಿಕೊಂಡ.

ದೊಡ್ಡವನಾದ ಮೊರ್ತಾರಾನ ನಂಬಿಕೆ ಕಪಟವಾಗಿತ್ತು ಎನ್ನಲು ಕಾರಣವಿಲ್ಲ. ಅವನಿಗೆ ಅದನ್ನು ಉಳಿಸಿಕೊಳ್ಳುವ ಪೂರ್ಣ ಹಕ್ಕಿತ್ತು, ಮರಳಿ ಯಹೂದಿಯಾಗೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇರಲಿಲ್ಲ. ಆದರೆ ಫಲಿತಾಂಶಕ್ಕೆ ಬಾಲಕ ಒಪ್ಪಿದ ಮಾತ್ರಕ್ಕೆ 1858ರ ಅನ್ಯಾಯ ಅಳಿಸುವುದಿಲ್ಲ. ಆರು ವರ್ಷದವನನ್ನು ಯಾವ ಸಂಸ್ಥೆಯ ಕೈಗಿತ್ತರೂ ಆ ಸಂಸ್ಥೆಗೆ ಒಪ್ಪುವ ವಯಸ್ಕನೇ ಹೊರಬರುವ ಸಂಭವ ಹೆಚ್ಚು. ಅಹಿತಕರವಾದ ಸಂಗತಿಯೆಂದರೆ ಇದೇ ಮಾತು ಸಾಮಾನ್ಯ ಮನೆಗಳಿಗೂ ಅನ್ವಯಿಸುತ್ತದೆ: ನನ್ನ ಮಗ ನಮ್ಮ ಧರ್ಮವನ್ನು ಸಂತೋಷದಿಂದ ಪಾಲಿಸುತ್ತಾನೆ ಎಂಬುದು ಅವನಿಗೆ ಆಯ್ಕೆಯಿತ್ತು ಎಂಬುದಕ್ಕೆ ಪುರಾವೆಯಾಗದು.

ತಂದೆ ತಾಯಿ ಬೇರೆ ಬೇರೆ ಧರ್ಮದವರಾಗಿದ್ದರೆ?

ಇಬ್ಬರೂ ತಮ್ಮ ತಮ್ಮ ಆಚರಣೆಯನ್ನು ಮಗುವಿನೆದುರು ಮುಚ್ಚಿಡದೆ ಪಾಲಿಸಬಹುದು. ಮಗುವನ್ನು ತನ್ನ ಕಡೆಗೆ ಸೆಳೆಯುವ ಪೈಪೋಟಿಗೆ ಇಳಿಯಬಾರದು ಅಷ್ಟೆ. ವಿಚ್ಛೇದನದ ಸಂದರ್ಭದಲ್ಲಿ ಧರ್ಮವೊಂದನ್ನೇ ಕಾರಣವಾಗಿಟ್ಟು ಮಗುವನ್ನು ಒಬ್ಬರಿಂದ ಕಿತ್ತುಕೊಳ್ಳುವುದನ್ನು ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1993ರಲ್ಲಿ ಆಸ್ಟ್ರಿಯದ ಪ್ರಕರಣವೊಂದರಲ್ಲಿ ತಾರತಮ್ಯವೆಂದು ತೀರ್ಮಾನಿಸಿತು. ಆ ತಾಯಿ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡಕ್ಕೆ ಸೇರಿದ್ದರು.

ಶಾಲೆಯ ಪಾತ್ರವೇನು?

ಧರ್ಮವನ್ನು ಬೋಧಿಸುವುದೇ ಬೇರೆ, ಧರ್ಮಗಳ ಬಗ್ಗೆ ತಿಳಿಸುವುದೇ ಬೇರೆ. ಎರಡನೆಯದು ಎಲ್ಲ ಮಕ್ಕಳಿಗೂ ಬೇಕು. ಮನೆಯಲ್ಲಿ ಒಂದೇ ನಂಬಿಕೆಯನ್ನು ಕಂಡ ಮಗುವಿಗೆ ಬೇರೆಯವೂ ಇವೆ, ಅವನ್ನು ನಂಬುವವರೂ ತನ್ನಂತೆಯೇ ಇದ್ದಾರೆ ಎಂಬುದು ಗೊತ್ತಾಗುವುದು ಬಹುಪಾಲು ಶಾಲೆಯಲ್ಲೇ. ಮೊದಲನೆಯದಕ್ಕೆ ಒಪ್ಪಿಗೆ ಬೇಕು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಗಳಲ್ಲಿ ಒಪ್ಪಿಗೆಯಿಲ್ಲದೆ, ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಭಾರತದ ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಾರ್ವೆಯ ಶಾಲೆಗಳಲ್ಲಿ ಕ್ರೈಸ್ತಧರ್ಮಕ್ಕೆ ಹೆಚ್ಚಿನ ಒತ್ತು ಕೊಟ್ಟ ಪಠ್ಯಕ್ರಮದಿಂದ ಭಾಗಶಃ ವಿನಾಯಿತಿ ಮಾತ್ರ ಕೊಟ್ಟದ್ದು ಸಾಲದು ಎಂದು 2007ರಲ್ಲಿ ಯೂರೋಪಿನ ನ್ಯಾಯಾಲಯ ತೀರ್ಪಿತ್ತಿತು.

ಮಕ್ಕಳ ಆತ್ಮಸಾಕ್ಷಿಯನ್ನು ನ್ಯಾಯಾಲಯಗಳು ನೇರವಾಗಿ ಕಾಪಾಡಿದ ಉದಾಹರಣೆಗಳೂ ಇವೆ. ಧ್ವಜವಂದನೆ ಮಾಡಲೇಬೇಕೆಂದು ಮಕ್ಕಳನ್ನು ಒತ್ತಾಯಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1943ರಲ್ಲಿ, ಯುದ್ಧದ ನಡುವೆಯೇ, ಮೂರು ವರ್ಷದ ಹಿಂದಿನ ತನ್ನದೇ ತೀರ್ಪನ್ನು ತಿರುಗಿಸಿ ಹೇಳಿತು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಧಾರ್ಮಿಕ ಕಾರಣಕ್ಕಾಗಿ ಹಾಡದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಭಾರತದ ಸುಪ್ರೀಂ ಕೋರ್ಟು 1986ರಲ್ಲಿ ತೀರ್ಮಾನಿಸಿತು.

ಪಾಲಕರ ಧಾರ್ಮಿಕ ಸ್ವಾತಂತ್ರ್ಯಕ್ಕೆ ಮಿತಿ ಎಲ್ಲಿದೆ?

ಮಗುವಿನ ದೇಹ ಮತ್ತು ಜೀವದ ವಿಷಯ ಬಂದಾಗ ಮಿತಿ ಬಹುತೇಕ ಸ್ಪಷ್ಟ. ಪಾಲಕರು ತಾವು ಹುತಾತ್ಮರಾಗಲು ಸ್ವತಂತ್ರರು, ಆದರೆ ಮಕ್ಕಳು ಸ್ವತಃ ನಿರ್ಧರಿಸುವ ವಯಸ್ಸಿಗೆ ಬರುವ ಮೊದಲೇ ಅವರನ್ನು ಹುತಾತ್ಮರನ್ನಾಗಿ ಮಾಡಲು ಸ್ವತಂತ್ರರಲ್ಲ ಎಂಬ ಅರ್ಥದ ಮಾತನ್ನು ಅಮೆರಿಕದ ಸುಪ್ರೀಂ ಕೋರ್ಟು 1944ರ ಪ್ರಿನ್ಸ್ ಪ್ರಕರಣದಲ್ಲಿ ಹೇಳಿತು. ಜೀವ ಉಳಿಸುವ ರಕ್ತ ಮರುಪೂರಣವನ್ನು ಧರ್ಮದ ಹೆಸರಿನಲ್ಲಿ ಮಗುವಿಗೆ ನಿರಾಕರಿಸಿದಾಗ ಹಲವು ದೇಶಗಳ ನ್ಯಾಯಾಲಯಗಳು ಮಧ್ಯೆ ಪ್ರವೇಶಿಸುವುದು ಇದೇ ನೆಲೆಯಲ್ಲಿ.

ಹುಟ್ಟಿದ ಧರ್ಮವನ್ನೇ ಉಳಿಸಿಕೊಂಡರೆ ಅದನ್ನು ಸ್ವತಂತ್ರ ಆಯ್ಕೆ ಎನ್ನಬಹುದೇ?

ಎನ್ನಬಹುದು. ಆಯ್ಕೆಯೆಂದರೆ ಬದಲಾವಣೆಯೇ ಆಗಬೇಕಿಲ್ಲ. ಇಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಾಳೆ ನಾನು ಇದನ್ನು ನಂಬುವುದಿಲ್ಲ ಎಂದರೆ ನಾನು ಏನೇನನ್ನು ಕಳೆದುಕೊಳ್ಳುತ್ತೇನೆ? ಕೆಲವು ದೇಶಗಳಲ್ಲಿ ಧರ್ಮತ್ಯಾಗ ಇಂದಿಗೂ ಶಿಕ್ಷಾರ್ಹ ಅಪರಾಧ. ಕಾನೂನು ಸುಮ್ಮನಿರುವ ಕಡೆಗಳಲ್ಲಿ ಮನೆ, ಮದುವೆ, ಆಸ್ತಿ, ಹಳೆಯ ಗೆಳೆತನ ಪಣಕ್ಕೆ ಬೀಳಬಹುದು. ಕಳೆದುಕೊಳ್ಳುವುದು ಕಡಿಮೆಯಿದ್ದಷ್ಟೂ ಉಳಿದುಕೊಂಡದ್ದಕ್ಕೆ ಬೆಲೆ ಹೆಚ್ಚು. ಒಂದು ಸಮಾಜದಲ್ಲಿ ನಂಬಿಕೆಯ ಸ್ವಾತಂತ್ರ್ಯ ಎಷ್ಟಿದೆ ಎಂದು ಅಳೆಯಲು ಸಂವಿಧಾನದ ಸಾಲುಗಳಿಗಿಂತ ಈ ನಷ್ಟದ ಲೆಕ್ಕವೇ ಹೆಚ್ಚು ನಂಬಲರ್ಹ.

ನಾನು ಮನೆಯ ಧರ್ಮವನ್ನು ನಂಬುವುದಿಲ್ಲ. ಮನೆಯವರಿಗೆ ಹೇಳಬೇಕೇ?

ಹೇಳಲೇಬೇಕೆಂಬ ಕಡ್ಡಾಯವಿಲ್ಲ. ನಂಬಿಕೆಯನ್ನು ಬಹಿರಂಗಪಡಿಸದೆ ಇರುವುದೂ ಇದೇ ಹಕ್ಕಿನ ಭಾಗ. ಊಟ, ವಸತಿ, ಓದಿನ ಖರ್ಚು ಇನ್ನೂ ಮನೆಯವರ ಕೈಯಲ್ಲಿದ್ದು, ಹಿಂಸೆಯ ಅಥವಾ ಮನೆಯಿಂದ ಹೊರಹಾಕುವ ಭಯವಿದ್ದರೆ ಸ್ವಂತ ಕಾಲಿನ ಮೇಲೆ ನಿಲ್ಲುವವರೆಗೆ ಕಾಯುವುದರಲ್ಲಿ ಹೇಡಿತನವಿಲ್ಲ. ಅಂಥ ಭಯವಿಲ್ಲದಿದ್ದರೆ, ಬೇರೇನೋ ಜಗಳದ ನಡುವೆ ಅಸ್ತ್ರದಂತೆ ಎಸೆಯದೆ, ಮನೆಯಲ್ಲಿ ನಿಮ್ಮ ಮಾತನ್ನು ಹೆಚ್ಚು ತಾಳ್ಮೆಯಿಂದ ಕೇಳುವ ಒಬ್ಬರೊಡನೆ ಮೊದಲು ಮಾತನಾಡುವುದು ಒಳ್ಳೆಯದು. ಮನೆಯ ಆಚರಣೆಗಳಲ್ಲಿ ಯಾವುದರಲ್ಲಿ ಪಾಲ್ಗೊಳ್ಳಬಲ್ಲಿರಿ, ಯಾವುದು ನಿಮ್ಮ ಆತ್ಮಸಾಕ್ಷಿಗೆ ಒಗ್ಗದು ಎಂಬುದನ್ನು ಮುಂಚೆಯೇ ಯೋಚಿಸಿಟ್ಟುಕೊಳ್ಳಿ. ನಂಬಿಕೆ ಹೋದ ಮೇಲೂ ಹಳೆಯ ಪದ್ಯ ಕೇಳಿದಾಗ ಗಂಟಲು ಕಟ್ಟಬಹುದು, ಆಪತ್ತಿನಲ್ಲಿ ಹಳೆಯ ಹೆಸರೇ ಬಾಯಿಗೆ ಬರಬಹುದು. ಅದು ಅಭ್ಯಾಸದ ಶೇಷ. ಅದರಿಂದ ನಿಮ್ಮ ನಿರ್ಧಾರ ಸುಳ್ಳಾಗದು.

ನಮ್ಮ ಮಗಳು ಧರ್ಮವನ್ನು ಬಿಟ್ಟಿದ್ದಾಳೆ. ನಾವು ಬೆಳೆಸಿದ್ದರಲ್ಲಿ ತಪ್ಪಾಯಿತೇ?

ಹಾಗೆ ಭಾವಿಸಬೇಕಾಗಿಲ್ಲ. ಒಂದೇ ಮನೆಯಲ್ಲಿ, ಒಂದೇ ರೀತಿಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರು ಉಳಿದು ಇನ್ನೊಬ್ಬರು ಹೋಗುವುದು ಸಾಮಾನ್ಯ. ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್‌ಸನ್ 1970ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ದಕ್ಷಿಣ ಕ್ಯಾಲಿಫೋರ್ನಿಯಾದ ನೂರಾರು ಕುಟುಂಬಗಳನ್ನು ತಲೆಮಾರಿನಿಂದ ತಲೆಮಾರಿಗೆ ಹಿಂಬಾಲಿಸಿ ಅಧ್ಯಯನ ನಡೆಸಿದರು. ತಂದೆ ತಾಯಿಯೊಡನೆ, ವಿಶೇಷವಾಗಿ ತಂದೆಯೊಡನೆ, ಆಪ್ತತೆ ಇದ್ದ ಮನೆಗಳಲ್ಲಿ ನಂಬಿಕೆ ಮುಂದಿನವರಿಗೆ ಹೆಚ್ಚು ದಾಟಿತ್ತು. ಬಿಟ್ಟುಹೋದವರಲ್ಲಿ ಕೆಲವರು ಮತ್ತೆ ಮರಳಿದ್ದರು, ಅಂಥವರಲ್ಲಿ ಹಲವರ ಪಾಲಕರು ಅವರನ್ನು ದೂರ ತಳ್ಳದೆ ತಾಳ್ಮೆಯಿಂದ ಇದ್ದವರು. ಮರಳಲಿ ಎಂಬ ಲೆಕ್ಕಾಚಾರದಿಂದ ತೋರುವ ತಾಳ್ಮೆಯನ್ನು ಮಕ್ಕಳು ಬೇಗ ಗುರುತಿಸುತ್ತಾರೆ ಎಂಬುದನ್ನೂ ಇಲ್ಲಿ ಹೇಳಬೇಕು. ಏಕೆ ಬಿಟ್ಟಳೆಂದು ಒಮ್ಮೆ ಕೇಳಿ, ಅವಳ ಉತ್ತರವನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ನಿಮ್ಮ ಪ್ರಾರ್ಥನೆಯನ್ನು ನೀವು ಎಂದಿನಂತೆ ಮುಂದುವರಿಸಿ. ಆ ಹೊತ್ತಿನಲ್ಲಿ ಅವಳು ಪಕ್ಕದ ಕೋಣೆಯಲ್ಲಿ ಓದುತ್ತ ಕೂತಿದ್ದರೆ ಕರೆಯಬೇಡಿ, ಬಂದು ಕೂತರೆ ಕಾರಣ ಕೇಳಬೇಡಿ.